ಜ್ಯೂರಿ ಇಲ್ಲದ ಪೀಠದಲ್ಲಿ ಕುಳಿತ ಹೊನ್ನಾವರದ ಚಂದಾವರ್ಕರ್

1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಮೂವರು ಯುವಕರನ್ನು ಗಲ್ಲಿಗೇರಿಸಲಾಯಿತು. ನಾಸಿಕ್ ಕಲೆಕ್ಟರ್ ಜಾಕ್ಸನ್ ಅವರನ್ನು ನಾಟಕ ಮಂದಿರದಲ್ಲಿ ಗುಂಡಿಕ್ಕಿ ಕೊಂದಿದ್ದ ಅನಂತ ಕಾನ್ಹೇರೆ, ಜೊತೆಗಿದ್ದ ಕೃಷ್ಣಾಜಿ ಕರ್ವೆ ಮತ್ತು ವಿನಾಯಕ ದೇಶಪಾಂಡೆ. ಹತ್ಯೆ ನಡೆದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಅದರ ಬೆನ್ನಿಗೇ ಬಂದ ನಾಸಿಕ್ ಒಳಸಂಚು ಪ್ರಕರಣದಲ್ಲಿ ವಿ.ಡಿ. ಸಾವರ್ಕರ್ ಅವರ ವಿಚಾರಣೆ ನಡೆಸಿದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಉತ್ತರ ಕನ್ನಡದ ಹೊನ್ನಾವರದವರು. ಹೆಸರು ಸರ್ ನಾರಾಯಣ ಗಣೇಶ ಚಂದಾವರ್ಕರ್.

1855ರ ಡಿಸೆಂಬರ್ 2ರಂದು ಜನಿಸಿದ ಚಂದಾವರ್ಕರ್ ಓದಿದ್ದು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. 1881ರಲ್ಲಿ ಕಾನೂನು ಪದವಿ ಪಡೆದರು. 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನೂ ನೋಡಿಕೊಂಡರು. 1885ರಲ್ಲಿ ಭಾರತದ ಅಹವಾಲು ಹೊತ್ತು ಇಂಗ್ಲೆಂಡಿಗೆ ಹೋದ ನಿಯೋಗದಲ್ಲಿದ್ದರು. 1900ರಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ, ಮರುವರ್ಷವೇ ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿ ಸ್ಥಾನ! ಇಂದಿನ ಓದುಗರಿಗೆ ವಿಚಿತ್ರ ಎನಿಸಬಹುದು, ಆಗ ಯಾರೂ ಹುಬ್ಬೇರಿಸಲಿಲ್ಲ. ರಾನಡೆ ನಿಧನದ ನಂತರ ಪ್ರಾರ್ಥನಾ ಸಮಾಜದ ಹೊಣೆಯೂ ಅವರ ಹೆಗಲಿಗೇ ಬಂತು.

1908ರ ಜುಲೈನಲ್ಲಿ ಇದೇ ಹೈಕೋರ್ಟಿನಲ್ಲಿ ತಿಲಕರ ರಾಜದ್ರೋಹ ಪ್ರಕರಣ ನಡೆದಾಗ ಒಂಬತ್ತು ಮಂದಿಯ ಜ್ಯೂರಿ ಇತ್ತು. ಏಳು ಮಂದಿ ತಪ್ಪಿತಸ್ಥ ಎಂದರು, ಇಬ್ಬರು ಅಲ್ಲ ಎಂದರು. ಕನಿಷ್ಠ ಆ ಭಿನ್ನಮತ ದಾಖಲೆಗೆ ಸೇರಿತು. ಅದೇ ವರ್ಷದ ಕೊನೆಗೆ ಬಂದ ಹೊಸ ಕಾಯ್ದೆ ಇಂಥ ಪ್ರಕರಣಗಳಿಗೆ ಬೇರೆಯೇ ದಾರಿ ಮಾಡಿತು: ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ, ಜ್ಯೂರಿ ಇಲ್ಲ, ಮೇಲ್ಮನವಿಯೂ ಇಲ್ಲ. ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್, ನ್ಯಾ. ಹೀಟನ್ ಜೊತೆ ಚಂದಾವರ್ಕರ್ ಕುಳಿತದ್ದು ಅಂಥ ಪೀಠದಲ್ಲಿ.

ಸಾವರ್ಕರ್ ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನಿಂದ ಜಿಗಿದು ಫ್ರಾನ್ಸ್ ನೆಲ ಮುಟ್ಟಿದ್ದರು. ಅಲ್ಲಿ ಹಿಡಿದು ತಂದದ್ದು ಸರಿಯೇ? ಬಂಧನ ಹೇಗೇ ಆಗಿರಲಿ, ಆರೋಪಿ ಎದುರಿಗಿದ್ದರೆ ವಿಚಾರಣೆಯ ಅಧಿಕಾರ ತನಗಿದೆ ಎಂದಿತು ಪೀಠ. 1910ರ ಡಿಸೆಂಬರ್ ಮತ್ತು 1911ರ ಜನವರಿಯಲ್ಲಿ ಎರಡು ಜೀವಾವಧಿ ಗಡೀಪಾರು ಶಿಕ್ಷೆ ಬಿತ್ತು. ಹೇಗ್‌ನ ಐವರು ಪಂಚರ ನ್ಯಾಯಮಂಡಳಿ ಅದೇ ಪ್ರಶ್ನೆಗೆ ಉತ್ತರ ಕೊಟ್ಟದ್ದು 1911ರ ಫೆಬ್ರವರಿ 24ರಂದು. ಬಂಧನದಲ್ಲಿ ಲೋಪವಾಗಿದೆ, ಆದರೆ ಬ್ರಿಟನ್ ಅವರನ್ನು ಫ್ರಾನ್ಸಿಗೆ ಮರಳಿಸಬೇಕಿಲ್ಲ ಎಂದಿತು. ಅಷ್ಟರಲ್ಲಿ ಮುಂಬೈ ತೀರ್ಪು ಮುಗಿದೇ ಹೋಗಿತ್ತು.

ಅವರ ಬದುಕಿನ ಅತ್ಯಂತ ಕಠಿಣ ಅಧ್ಯಾಯ ಬಂದದ್ದು ಪೀಠದಿಂದ ಇಳಿದ ಮೇಲೆ. ವಿಚಾರಣೆಯೇ ಇಲ್ಲದೆ ಬಂಗಾಳದಲ್ಲಿ ಬಂಧನದಲ್ಲಿದ್ದವರ ಕಡತಗಳನ್ನು 1918ರಲ್ಲಿ ನ್ಯಾ. ಬೀಚ್‌ಕ್ರಾಫ್ಟ್ ಜೊತೆ ಪರಿಶೀಲಿಸಿದರು. ವಕೀಲರಿಲ್ಲ, ಪಾಟೀಸವಾಲಿಲ್ಲ, ಪೊಲೀಸರ ಕಾಗದಗಳೇ ಆಧಾರ. 806 ಪ್ರಕರಣಗಳಲ್ಲಿ ಸಾಕ್ಷ್ಯ ಸಾಲದು ಎಂದು ಅವರಿಗೆ ಕಂಡದ್ದು ಕೇವಲ 6. ಇದೇ ಬೀಚ್‌ಕ್ರಾಫ್ಟ್ 1909ರಲ್ಲಿ ಅಲಿಪುರದ ತೆರೆದ ನ್ಯಾಯಾಲಯದಲ್ಲಿ ವಾದ-ಪ್ರತಿವಾದ ಕೇಳಿ ಅರವಿಂದ ಘೋಷ್ ಅವರನ್ನು ಖುಲಾಸೆ ಮಾಡಿದ್ದವರು.

1920ರಲ್ಲಿ ಜಲಿಯನ್‌ವಾಲಾ ಬಾಗ್ ಕುರಿತ ಹಂಟರ್ ಸಮಿತಿ ವರದಿಯನ್ನು ಖಂಡಿಸಿ ಮುಂಬೈನಲ್ಲಿ ನಡೆದ ಸಭೆಗೆ ಅಧ್ಯಕ್ಷರಾಗಿದ್ದವರು ಚಂದಾವರ್ಕರ್. ಮರುವರ್ಷ ಮುಂಬೈ ಶಾಸನ ಪರಿಷತ್ತಿನ ಅಧ್ಯಕ್ಷರಾದರು. 1923ರಲ್ಲಿ ನಿಧನರಾದರು.