ಕಡಲ ತಳಕ್ಕೆ ಕಿವಿಗೊಟ್ಟ ಜಾನ್ ಮಿಲ್ನ್

1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಪ್ರದೇಶ ಕಂಪಿಸಿದಾಗ ಕೃಷ್ಣೆಯ ದಂಡೆಯ ನಮ್ಮ ಸತ್ತಿಯಲ್ಲೂ ಜನ ಮನೆ ಬಿಟ್ಟು ಬಯಲಿಗೆ ಬಂದಿದ್ದರು. ನಾನಾಗ ಬಾಲಕ. ನಡುಗುವ ಮೊದಲು ನೆಲ ಏನಾದರೂ ಸುಳಿವು ಕೊಡುತ್ತದೆಯೇ ಎಂದು ಹಿರಿಯರು ಅಂದು ಕೇಳಿಕೊಂಡ ಪ್ರಶ್ನೆಯನ್ನು ಅವರಿಗಿಂತ ಬಹು ಹಿಂದೆಯೇ ಬೆನ್ನಟ್ಟಿದವರು ಜಾನ್ ಮಿಲ್ನ್.

1850ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಮಿಲ್ನ್, ಗಣಿ ಮತ್ತು ಭೂವಿಜ್ಞಾನದ ಪ್ರಾಧ್ಯಾಪಕರಾಗಿ ಸೈಬೀರಿಯದ ಹಾದಿಯಿಂದ 1876ರಲ್ಲಿ ಟೋಕಿಯೊ ತಲುಪಿದರು. 1880ರ ಯೊಕೊಹಾಮ ಭೂಕಂಪದ ನಂತರ ಅವರ ಮುಂದಾಳತ್ವದಲ್ಲಿ ಅಲ್ಲಿ ಭೂಕಂಪ ಅಧ್ಯಯನ ಸಂಘವೊಂದು ಹುಟ್ಟಿತು. ಸಹೋದ್ಯೋಗಿಗಳಾದ ಯೂಯಿಂಗ್ ಮತ್ತು ಗ್ರೇ ಅವರೂ ಸೇರಿ ಕಂಪನಮಾಪಕಗಳನ್ನು ರೂಪಿಸಿದರು. ಮನುಷ್ಯನ ಅರಿವಿಗೇ ಬಾರದ ಸೂಕ್ಷ್ಮ ಕಂಪನಗಳನ್ನೂ ಮಿಲ್ನ್ ವರ್ಷಗಟ್ಟಲೆ ದಾಖಲಿಸಿದರು. ಅವುಗಳಲ್ಲಿ ಬಹುಪಾಲು ಗಾಳಿ ಮತ್ತು ವಾಯುಭಾರದ ಏರಿಳಿತದ ಫಲವೆಂದು ಕಂಡುಬಂದಾಗ ಅದನ್ನೂ ಮರೆಮಾಚದೆ ಪ್ರಕಟಿಸಿದರು. ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಈ ಪ್ರಾಮಾಣಿಕತೆಯ ಬೆಲೆ ತಿಳಿದಿದೆ.

1895ರಲ್ಲಿ ಬೆಂಕಿಯೊಂದು ಅವರ ಮನೆ, ಗ್ರಂಥಾಲಯ, ಉಪಕರಣಗಳನ್ನು ಸುಟ್ಟುಹಾಕಿತು. ಜಪಾನಿ ಪತ್ನಿ ಟೋನೆ ಅವರೊಡನೆ ಇಂಗ್ಲೆಂಡಿನ ವೈಟ್ ದ್ವೀಪದ ಶೈಡ್ ಗ್ರಾಮಕ್ಕೆ ಮರಳಿ ಮತ್ತೆ ಮೊದಲಿನಿಂದ ಆರಂಭಿಸಿದರು. ಮರುವರ್ಷವೇ ಜಪಾನಿನ ಸಾನ್ರಿಕು ಕರಾವಳಿಯಲ್ಲಿ ನೆಲ ಮೆಲ್ಲನೆ ಅಲುಗಿತು. ಜನ ಅದನ್ನು ಲೆಕ್ಕಿಸಲಿಲ್ಲ. ಬಳಿಕ ಬಂದ ಸುನಾಮಿಗೆ ಸುಮಾರು 22,000 ಮಂದಿ ಬಲಿಯಾದರು. ಅಪಾಯ ಹುಟ್ಟಿದ್ದು ಕಡಲ ತಳದಲ್ಲಿ. ಆದರೆ ಅಲ್ಲಿ ಉಪಕರಣ ಇಡುವುದು ಹೇಗೆ?

ಮಿಲ್ನ್ ಕಂಡುಕೊಂಡ ಉಪಾಯ ಸೊಗಸಾದುದು. ಸಮುದ್ರದಡಿಯ ತಂತಿ ಸಂಪರ್ಕದ ಕೇಬಲ್‌ಗಳು ಯಾವಾಗ, ಎಲ್ಲಿ ತುಂಡಾದವು ಎಂಬ ವಿವರ ಸಂಗ್ರಹಿಸಿ, ಅದನ್ನು ಭೂಕಂಪದ ದಾಖಲೆಗಳೊಡನೆ ತಾಳೆ ನೋಡಿದರು. 1888ರಲ್ಲಿ ಆಸ್ಟ್ರೇಲಿಯದ ಕೇಬಲ್‌ಗಳು ಏಕಕಾಲಕ್ಕೆ ಕಡಿದಾಗ ಯುದ್ಧದ ಶಂಕೆಯಿಂದ ಮೀಸಲು ಪಡೆಗಳನ್ನು ಕರೆಸಲಾಗಿತ್ತು. ಇಂಥ ಎಷ್ಟೋ ಪ್ರಕರಣಗಳ ಹಿಂದೆ ಶತ್ರುವಲ್ಲ, ಸಮುದ್ರತಳದ ಚಲನೆ ಇದೆಯೆಂದು ಅವರು 1897ರಲ್ಲಿ ವಾದಿಸಿದರು. ಅವರ ಮಾಪಕಗಳ ಜಾಲ ನಮ್ಮ ಮುಂಬಯಿಯ ಕೊಲಾಬಾ ಮತ್ತು ಕೊಡೈಕೆನಾಲ್‌ಗಳಿಗೂ ಹಬ್ಬಿತು.

1913ರಲ್ಲಿ ಮಿಲ್ನ್ ತೀರಿಕೊಂಡರು. ಟೋನೆ ಕೆಲವು ವರ್ಷಗಳ ನಂತರ ತಾಯ್ನಾಡಿಗೆ ಮರಳಿದರು.

2011ರ ಮಾರ್ಚ್ 11ರ ಮಹಾಭೂಕಂಪಕ್ಕೆ ಮುನ್ನ ಜಪಾನಿನ ಕಡಲತಳದಲ್ಲಿ ಒತ್ತಡಮಾಪಕಗಳಿದ್ದವು. ಶಿಲಾಫಲಕಗಳು ಸದ್ದಿಲ್ಲದೆ ನಿಧಾನವಾಗಿ ಜಾರಿದ್ದು ಅವುಗಳಲ್ಲಿ ದಾಖಲಾಗಿತ್ತು. ಆದರೆ ದಡಕ್ಕೆ ಸಂಪರ್ಕವಿಲ್ಲದ ಆ ಮಾಪಕಗಳನ್ನು ಮೇಲೆತ್ತಿ ಓದಿದ್ದು ಅನಾಹುತದ ನಂತರ. ಇಂಥ ಜಾರಿಕೆ ಪ್ರತಿ ಬಾರಿಯೂ ದೊಡ್ಡ ಕಂಪನದಲ್ಲೇ ಮುಗಿಯುವುದಿಲ್ಲವಾದ್ದರಿಂದ, ಅಂದೇ ಓದಿದ್ದರೂ ಎಚ್ಚರಿಕೆ ನೀಡಲು ಯಾರಿಗೆ ಧೈರ್ಯವಿರುತ್ತಿತ್ತೋ. ಆ ಬಳಿಕ ಜಪಾನ್ ತನ್ನ ಪೂರ್ವ ಕರಾವಳಿಯಾಚೆ 150 ಮಾಪನ ಕೇಂದ್ರಗಳನ್ನು ಕಡಲತಳಕ್ಕಿಳಿಸಿ, ಕೇಬಲ್ ಮೂಲಕವೇ ದಡಕ್ಕೆ ಜೋಡಿಸಿದೆ.