ಬಿಎಂಐ ಕಂಡುಹಿಡಿದವರು ವೈದ್ಯರಲ್ಲ! ಅಡಾಲ್ಫ್ ಕ್ವೆಟೆಲೆಟ್ ಬದುಕು ಮತ್ತು ಮಕ್ಕಳ ಫ್ಯಾಟಿ ಲಿವರ್

ಅಫಜಲಪುರ ತಾಲ್ಲೂಕಿನ ಅತನೂರ ಇರಲಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯೇ ಇರಲಿ, ಮಕ್ಕಳ ಬೊಜ್ಜಿನ ತಪಾಸಣೆ ಶುರುವಾಗುವುದು ಎರಡೇ ಸಾಧನಗಳಿಂದ. ಒಂದು ತೂಕದ ಯಂತ್ರ, ಇನ್ನೊಂದು ಎತ್ತರ ಅಳೆಯುವ ಪಟ್ಟಿ. ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಬೊಜ್ಜಿರುವ ಮಗುವಿನ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೇ ಎಂದು ಪರೀಕ್ಷಿಸಬೇಕೋ ಬೇಡವೋ ಎಂಬುದನ್ನು ಹೆಚ್ಚಾಗಿ ಈ ಸಂಖ್ಯೆಯೇ ತೀರ್ಮಾನಿಸುತ್ತದೆ.

ಇದು ಯಾರೋ ದೊಡ್ಡ ವೈದ್ಯರು ಕೊಟ್ಟ ಸೂತ್ರ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಇದನ್ನು ಕೊಟ್ಟವರು ನಕ್ಷತ್ರಗಳನ್ನು ನೋಡುತ್ತಿದ್ದ ಒಬ್ಬ ಗಣಿತಜ್ಞ. ಅವರು ಬೊಜ್ಜನ್ನು ಅಳೆಯಲು ಹೊರಟವರೂ ಅಲ್ಲ.

ಯಾರು ಈ ಕ್ವೆಟೆಲೆಟ್?

ಅಡಾಲ್ಫ್ ಕ್ವೆಟೆಲೆಟ್ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಇಂದಿನ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಹೀಗಾಗಿ ಬೇಗನೆ ದುಡಿಮೆಗೆ ಇಳಿಯಬೇಕಾಯಿತು. 1815ರಲ್ಲಿ, 19ನೇ ವಯಸ್ಸಿಗೇ ಗೆಂಟ್‌ನಲ್ಲಿ ಗಣಿತ ಪಾಠ ಹೇಳುವ ಮೇಷ್ಟ್ರಾದರು. ಆ ದಿನಗಳಲ್ಲಿ ಅವರಿಗೆ ಗಣಿತಕ್ಕಿಂತ ಕವಿತೆ, ಚಿತ್ರಕಲೆಗಳತ್ತಲೇ ಹೆಚ್ಚು ಒಲವು. ಗೆಳೆಯನ ಜೊತೆ ಸೇರಿ ಒಂದು ಸಂಗೀತ ನಾಟಕವನ್ನೂ ಬರೆದಿದ್ದರು.

1819ರಲ್ಲಿ ಹೊಸದಾಗಿ ಶುರುವಾಗಿದ್ದ ಗೆಂಟ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು ಬ್ರಸೆಲ್ಸ್‌ಗೆ ಬಂದರು. ನಗರಕ್ಕೆ ಒಂದು ಖಗೋಳ ವೀಕ್ಷಣಾಲಯ ಬೇಕೆಂದು ಪಟ್ಟು ಹಿಡಿದರು. ಅದನ್ನು ಹೇಗೆ ಕಟ್ಟುವುದೆಂದು ತಿಳಿಯಲು 1823ರಲ್ಲಿ ಪ್ಯಾರಿಸ್‌ಗೆ ಹೋದರು. ಅವರ ಬದುಕು ದಿಕ್ಕು ಬದಲಿಸಿದ್ದು ಅಲ್ಲೇ.

ನಕ್ಷತ್ರದಿಂದ ಮನುಷ್ಯನ ಕಡೆಗೆ

ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಬೇರೆ ಬೇರೆ ಉತ್ತರ ಬರುತ್ತವೆ. ಅವುಗಳ ಸರಾಸರಿ ತೆಗೆದು ನಿಜವಾದ ಸ್ಥಾನಕ್ಕೆ ಹತ್ತಿರವಾಗುವ ಲೆಕ್ಕವನ್ನು ಪ್ಯಾರಿಸ್ಸಿನ ಖಗೋಳ ವಿಜ್ಞಾನಿಗಳು ಬಳಸುತ್ತಿದ್ದರು. ಅಳತೆಗಳು ಆ ಸರಾಸರಿಯ ಸುತ್ತ ಗಂಟೆಯಾಕಾರದಲ್ಲಿ ಹರಡಿಕೊಳ್ಳುತ್ತವೆ.

ಇದೇ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದರೆ ಹೇಗೆ ಎಂದು ಕ್ವೆಟೆಲೆಟ್ ಯೋಚಿಸಿದರು. ಎತ್ತರ, ತೂಕ, ಮೈಬಲ, ಮದುವೆ, ಮರಣ, ಅಪರಾಧ ಹೀಗೆ ಸಿಕ್ಕಿದ್ದನ್ನೆಲ್ಲ ಎಣಿಸತೊಡಗಿದರು. 5,738 ಸ್ಕಾಟಿಷ್ ಸೈನಿಕರ ಎದೆ ಸುತ್ತಳತೆಗಳನ್ನು ಜೋಡಿಸಿ ನೋಡಿದಾಗ ಅಲ್ಲಿಯೂ ಅದೇ ಗಂಟೆಯಾಕಾರ ಕಂಡಿತು.

ಈ ನಡುವೆ 1830ರಲ್ಲಿ ಬೆಲ್ಜಿಯಂನಲ್ಲಿ ಕ್ರಾಂತಿಯಾಯಿತು. ಇನ್ನೂ ಪೂರ್ತಿಯಾಗದ ವೀಕ್ಷಣಾಲಯ ಹೋರಾಟಗಾರರ ನೆಲೆಯಾಯಿತು. ಅಂಥ ಗಲಾಟೆಯ ವರ್ಷಗಳಲ್ಲೇ ಕ್ವೆಟೆಲೆಟ್ ಮಕ್ಕಳ ಬೆಳವಣಿಗೆಯ ಅಧ್ಯಯನ ಮುಗಿಸಿ, 1832ರಲ್ಲಿ ಬೇರೆ ಬೇರೆ ವಯಸ್ಸಿನಲ್ಲಿ ಮನುಷ್ಯನ ತೂಕ ಎಷ್ಟಿರುತ್ತದೆ ಎಂಬ ಪ್ರಬಂಧ ಹೊರತಂದರು. 1835ರಲ್ಲಿ ಬಂದ ಅವರ ದೊಡ್ಡ ಪುಸ್ತಕ ಸರಾಸರಿ ಮನುಷ್ಯ ಎಂಬ ಕಲ್ಪನೆಯನ್ನು ಯುರೋಪಿಗೆಲ್ಲ ಪರಿಚಯಿಸಿತು.

ಹಾಗಾದರೆ ಅವರು ಕಂಡದ್ದೇನು?

ಮನುಷ್ಯನ ದೇಹ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಾದರೆ ತೂಕವು ಎತ್ತರದ ಘನಕ್ಕೆ ತಕ್ಕಂತೆ ಏರಬೇಕು. ಆದರೆ ನಾವು ಉದ್ದಕ್ಕೆ ಬೆಳೆದಷ್ಟು ಅಗಲಕ್ಕೆ ಬೆಳೆಯುವುದಿಲ್ಲ. ಪೂರ್ತಿ ಬೆಳೆದ ವಯಸ್ಕರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ತಕ್ಕಂತಿರುತ್ತದೆ ಎಂದು ಕ್ವೆಟೆಲೆಟ್ ತೋರಿಸಿದರು.

ಅವರು ಇನ್ನೊಂದು ಮಾತನ್ನೂ ದಾಖಲಿಸಿದ್ದರು, ಅದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಬೆಳೆಯುವ ಮಕ್ಕಳಲ್ಲಿ ಈ ವರ್ಗದ ಲೆಕ್ಕ ಸರಿಹೊಂದುವುದಿಲ್ಲ. ಅಲ್ಲಿ ತೂಕದ ವರ್ಗವು ಎತ್ತರದ ಐದನೇ ಘಾತಕ್ಕೆ ಹತ್ತಿರವಾಗಿರುತ್ತದೆ. ಅಂದರೆ ಮಕ್ಕಳನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಬಾರದು ಎಂಬುದಕ್ಕೆ ಆಧಾರ ಸುಮಾರು 190 ವರ್ಷಗಳ ಹಿಂದೆಯೇ ಸಿಕ್ಕಿತ್ತು.

ಕೊನೆಯ ವರ್ಷಗಳು

ಕ್ವೆಟೆಲೆಟ್ ಪ್ರತಿ ಆಗಸ್ಟ್‌ನಲ್ಲಿ ಉಲ್ಕೆಗಳ ಮಳೆ ಮರಳಿ ಬರುತ್ತದೆಂದು ಗುರುತಿಸಿದರು. 1853ರಲ್ಲಿ ಮೊದಲ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಬ್ರಸೆಲ್ಸ್‌ನಲ್ಲಿ ನಡೆಯಲು ಮುಖ್ಯ ಕಾರಣರಾದರು. ಆಸ್ಪತ್ರೆಗಳ ಸಾವಿನ ಲೆಕ್ಕವಿಟ್ಟು ಸುಧಾರಣೆ ತಂದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಬಹಳ ಗೌರವಿಸುತ್ತಿದ್ದರು.

1855ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ನೆನಪಿನ ಶಕ್ತಿ ಕುಂದಿತು. ಆದರೂ ಕೆಲಸ ಬಿಡಲಿಲ್ಲ, ಮಾನವ ದೇಹದ ಅಳತೆಗಳ ಬಗ್ಗೆ ಇನ್ನೊಂದು ದೊಡ್ಡ ಪುಸ್ತಕ ಪ್ರಕಟಿಸಿದರು. 1874ರ ಫೆಬ್ರವರಿ 17ರಂದು, 78 ತುಂಬಲು ಐದು ದಿನ ಇರುವಾಗ, ಬ್ರಸೆಲ್ಸ್‌ನಲ್ಲಿ ತೀರಿಕೊಂಡರು. ಅವರು ಬದುಕಿರುವಷ್ಟು ಕಾಲ ಬಿಎಂಐ ಎಂಬ ಹೆಸರೇ ಇರಲಿಲ್ಲ. ಆ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಐದು ದೇಶಗಳ 7,400ಕ್ಕೂ ಹೆಚ್ಚು ಜನರನ್ನು ಅಳೆದು ಹಳೆಯ ಸೂತ್ರವನ್ನು ಮತ್ತೆ ಬಳಕೆಗೆ ತಂದಾಗ. ಅಷ್ಟೂ ಜನ ಗಂಡಸರು. ಹೆಂಗಸರು, ಮಕ್ಕಳು ಅದರಲ್ಲಿ ಇರಲಿಲ್ಲ.

ಇದಕ್ಕೂ ಮಕ್ಕಳ ಯಕೃತ್ತಿಗೂ ಏನು ಸಂಬಂಧ?

ಒಂದು ಲೆಕ್ಕ ನೋಡಿ. 10 ವರ್ಷದ ಹುಡುಗ, ಎತ್ತರ 140 ಸೆಂ.ಮೀ., ತೂಕ 43 ಕಿಲೋ. ಬಿಎಂಐ ಸುಮಾರು 22. ದೊಡ್ಡವರ ಪಟ್ಟಿಯಲ್ಲಿ ಇದು ಸಾಮಾನ್ಯ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 5ರಿಂದ 19 ವರ್ಷದವರ ಪಟ್ಟಿಯಲ್ಲಿ ಈ ಹುಡುಗ ಬೊಜ್ಜಿನ ಗೆರೆ ದಾಟಿದ್ದಾನೆ. ಆದ್ದರಿಂದ ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿಯನ್ನೇ ಬಳಸಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಇಂಥ ಪಟ್ಟಿ ಕೊಟ್ಟಿದೆ.

ಭಾರತೀಯರಿಗೆ ಇನ್ನೊಂದು ತೊಡಕೂ ಇದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಹೋಲಿಸಿ ತೋರಿಸಿದರು. ಇಬ್ಬರದೂ ಬಿಎಂಐ 22.3. ಆದರೆ ಮೈಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ಅಂದರೆ ಮೇಲ್ನೋಟಕ್ಕೆ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಇರಬಹುದು.

ಫ್ಯಾಟಿ ಲಿವರ್ ಕುಡಿಯುವವರಿಗೆ ಮಾತ್ರ ಬರುತ್ತದೆಯೇ?

ಇಲ್ಲ. ಬೊಜ್ಜಿರುವ ಮಕ್ಕಳಲ್ಲೂ ಈ ಕಾಯಿಲೆ ಇದೆ ಎಂದು 1983ರಲ್ಲೇ ವರದಿಯಾಗಿದೆ. ಹೆಚ್ಚಿನ ಮಕ್ಕಳಿಗೆ ನೋವು, ಕಾಮಾಲೆ ಏನೂ ಇರುವುದಿಲ್ಲ. ಹುಡುಕದಿದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಕೆಲವರಲ್ಲಿ ಯಕೃತ್ತು ಗಟ್ಟಿಯಾಗುತ್ತಾ ಹೋಗುತ್ತದೆ.

ಪತ್ತೆ ಹೇಗೆ?

• ಎಸ್‌ಜಿಪಿಟಿ (ಎಎಲ್‌ಟಿ) ರಕ್ತಪರೀಕ್ಷೆ: ಬೊಜ್ಜಿರುವ ಮಕ್ಕಳಿಗೆ 9ರಿಂದ 11 ವರ್ಷದೊಳಗೆ ಇದನ್ನು ಮಾಡಿಸಲು 2017ರ ಉತ್ತರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಹುಡುಗರಿಗೆ 26, ಹುಡುಗಿಯರಿಗೆ 22 ಅದರ ಮೇಲ್ಮಿತಿ. ಲ್ಯಾಬ್ ವರದಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ 40ರ ಆಸುಪಾಸಿನ ಮಿತಿ ದೊಡ್ಡವರದ್ದು. ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿನ ಸಂಖ್ಯೆ ಮೂರು ತಿಂಗಳಾದರೂ ಇಳಿಯದಿದ್ದರೆ ಮುಂದಿನ ತನಿಖೆ ಬೇಕು.

• ಅಲ್ಟ್ರಾಸೌಂಡ್: ಕೊಬ್ಬು ಕಡಿಮೆ ಇದ್ದಾಗ ಇದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಯಕೃತ್ತು ಚೆನ್ನಾಗಿದೆ ಎಂದಲ್ಲ.

• ಕುತ್ತಿಗೆ: ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನು ಕೊಳೆ ಎಂದು ತಿಕ್ಕಬೇಡಿ. ಬೊಜ್ಜಿರುವ ಮಗುವಿನಲ್ಲಿ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಸೂಚನೆ.

ನೀವು ಮಾಡಬಹುದಾದದ್ದು

ಈ ಕಾಯಿಲೆಯನ್ನು ಮೊದಲ ಹಂತದಲ್ಲಿ ಹಿಂದಕ್ಕೆ ತಿರುಗಿಸಬಹುದು. 2019ರ ಒಂದು ಅಧ್ಯಯನದಲ್ಲಿ ಎಂಟು ವಾರ ಸಕ್ಕರೆ ಬಿಡಿಸಿದಾಗ ಹುಡುಗರ ಯಕೃತ್ತಿನ ಕೊಬ್ಬು ಸರಾಸರಿ ಶೇ 25ರಿಂದ 17ಕ್ಕೆ ಇಳಿಯಿತು. ಬಾಟಲಿ ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್ ನಿಲ್ಲಿಸಿ. ಸಕ್ಕರೆ ಹಾಕಿದ ಚಹಾ ಕಡಿಮೆ ಮಾಡಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ ಊಟ ಧಾರಾಳವಾಗಿ ಇರಲಿ. ದಿನಾ ಒಂದು ತಾಸು ಆಟ ಇರಲಿ.

ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಮಕ್ಕಳ ತೂಕ, ಎತ್ತರ ಅಳೆಯುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನೂ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿದೆ. ಅಳತೆಯ ಚೀಟಿ ಕೈಗೆ ಬಂದಾಗ, ಈ ಬಿಎಂಐ ಮಗುವಿನ ವಯಸ್ಸಿನ ಪಟ್ಟಿಯಲ್ಲಿ ಎಲ್ಲಿದೆ ಎಂದು ಕೇಳಿ. ಗೆರೆ ದಾಟಿದ್ದರೆ ಎಸ್‌ಜಿಪಿಟಿ ಮಾಡಿಸಬೇಕೇ ಎಂದು ವೈದ್ಯರನ್ನು ವಿಚಾರಿಸಿ.