ಫ್ರೆಡರಿಕ್ ಸ್ಟಾನ್ಲಿ ಕಿಪ್ಪಿಂಗ್

ಫ್ರೆಡರಿಕ್ ಸ್ಟಾನ್ಲಿ ಕಿಪ್ಪಿಂಗ್ (1863–1949) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು. ಸಿಲಿಕಾನಿನ ಸಾವಯವ ಸಂಯುಕ್ತಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಇಂದು ಕಾರಿನ ಪಾಲಿಶ್ ಮತ್ತು ಬಣ್ಣರಕ್ಷಕ ಸೀಲೆಂಟ್‌ಗಳಲ್ಲಿ ಬಳಸುವ ಸಿಲಿಕೋನ್‌ಗಳಿಗೆ ಆ ಹೆಸರು ಬಂದದ್ದು ಇವರಿಂದ. ಆದರೆ ಈ ಸಂಯುಕ್ತಗಳಿಗೆ ಇಷ್ಟೊಂದು ಉಪಯೋಗಗಳು ದೊರೆಯುವುವೆಂದು ಸ್ವತಃ ಅವರು ನಿರೀಕ್ಷಿಸಿರಲಿಲ್ಲ.

ಜನನ ಮತ್ತು ಶಿಕ್ಷಣ

ಕಿಪ್ಪಿಂಗ್ 1863ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್ ಸಮೀಪ ಜನಿಸಿದರು. ಮ್ಯಾಂಚೆಸ್ಟರ್ ಗ್ರಾಮರ್ ಶಾಲೆ ಮತ್ತು ಓವೆನ್ಸ್ ಕಾಲೇಜಿನಲ್ಲಿ ಓದಿ, ಕೆಲಕಾಲ ಗ್ಯಾಸ್ ಕಂಪನಿಯೊಂದರಲ್ಲಿ ಕೆಲಸ ಮಾಡಿದರು. 1886ರಲ್ಲಿ ಜರ್ಮನಿಯ ಮ್ಯೂನಿಕ್‌ಗೆ ತೆರಳಿ, ಅಡಾಲ್ಫ್ ಫಾನ್ ಬೇಯರ್ ಅವರ ಪ್ರಯೋಗಾಲಯದಲ್ಲಿ ಕಿರಿಯ ವಿಲಿಯಂ ಹೆನ್ರಿ ಪರ್ಕಿನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು.

ವೃತ್ತಿ

ಎಡಿನ್‌ಬರೋ ಮತ್ತು ಲಂಡನ್ನಿನಲ್ಲಿ ಬೋಧಿಸಿದ ಬಳಿಕ, 1897ರಲ್ಲಿ ನಾಟಿಂಗ್‌ಹ್ಯಾಮ್‌ನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಪರ್ಕಿನ್ ಅವರೊಡನೆ ಬರೆದ ಸಾವಯವ ರಸಾಯನಶಾಸ್ತ್ರದ ಪಠ್ಯಪುಸ್ತಕವು ದೀರ್ಘಕಾಲ ಬಳಕೆಯಲ್ಲಿತ್ತು. 1936ರಲ್ಲಿ ಅವರು ನಿವೃತ್ತರಾದರು.

ಸಿಲಿಕಾನ್ ಸಂಶೋಧನೆ

ಗ್ರಿನ್ಯಾರ್ಡ್ ಕಾರಕಗಳನ್ನು ಬಳಸಿ ಸಿಲಿಕಾನಿಗೆ ಕಾರ್ಬನ್ ಗುಂಪುಗಳನ್ನು ಜೋಡಿಸುವ ವಿಧಾನವನ್ನು ಕಿಪ್ಪಿಂಗ್ ಬೆಳೆಸಿದರು. ಈ ವಿಷಯದಲ್ಲಿ ಐವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಪ್ರಕಟಿಸಿದರು. ದೊರೆತ ಸಂಯುಕ್ತಗಳ ಸೂತ್ರವು ಕೀಟೋನ್‌ಗಳ ಸೂತ್ರವನ್ನು ಹೋಲುತ್ತಿದ್ದುದರಿಂದ ಸಿಲಿಕೋನ್ ಎಂಬ ಹೆಸರು ಬಂದಿತು. ವಾಸ್ತವದಲ್ಲಿ ಅವು ಕೀಟೋನ್‌ಗಳಂತಿರದೆ, ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದು ಬಿಟ್ಟು ಒಂದರಂತೆ ಪೋಣಿಸಿಕೊಂಡ ಪಾಲಿಮರ್‌ಗಳು. ರಚನೆಗೆ ಹೊಂದದಿದ್ದರೂ ಹೆಸರು ಮಾತ್ರ ಉಳಿಯಿತು. ಶುದ್ಧ ಹರಳುಗಳನ್ನು ಬಯಸಿದ್ದ ಕಿಪ್ಪಿಂಗ್ ಅವರಿಗೆ ಅಂಟಾದ ಈ ಪದಾರ್ಥಗಳು ತೊಡಕಾಗಿಯೇ ಕಂಡವು.

ಕಾರಿನ ಬಣ್ಣದ ರಕ್ಷಣೆಯಲ್ಲಿ

1940ರ ದಶಕದಲ್ಲಿ ಅಮೆರಿಕದಲ್ಲಿ ಸಿಲಿಕೋನ್‌ಗಳ ಕೈಗಾರಿಕಾ ಉತ್ಪಾದನೆ ಆರಂಭವಾಯಿತು. ಬಣ್ಣರಕ್ಷಕಗಳಲ್ಲಿ ಮುಖ್ಯವಾಗಿ ಬಳಕೆಯಾಗುವ ಪಾಲಿಡೈಮೀಥೈಲ್‌ಸಿಲೋಕ್ಸೇನ್ ತೆಳುವಾಗಿ ಹರಡಿ ಹೊಳಪು ನೀಡುತ್ತದೆ. ಅದರ ಮೀಥೈಲ್ ಗುಂಪುಗಳು ನೀರನ್ನು ವಿಕರ್ಷಿಸುವುದರಿಂದ ಮಳೆನೀರು ಹನಿಗಟ್ಟಿ ಜಾರುತ್ತದೆ. ಅಮೈನೋ ಗುಂಪುಳ್ಳ ಬಗೆಗಳು ಮೇಲ್ಮೈಗೆ ಇನ್ನಷ್ಟು ಬಿಗಿಯಾಗಿ ಅಂಟುತ್ತವೆ.

ಇದು ಗಟ್ಟಿಯಾದ ಬಣ್ಣದೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಆದರೆ ಮರುಬಣ್ಣ ಬಳಿಯುವಾಗ ಅಲ್ಪ ಶೇಷ ಉಳಿದಿದ್ದರೂ ಹೊಸ ಬಣ್ಣದಲ್ಲಿ ಕುಳಿಗಳು ಮೂಡುತ್ತವೆ. ಚರ್ಮಕ್ಕೆ ಇದರಿಂದ ಅಪಾಯ ಕಡಿಮೆಯಾದರೂ ಸಿಂಪಡಣೆಯ ಸೂಕ್ಷ್ಮ ಹನಿಗಳನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಹಾನಿಕರ. ಕೆಲವು ವಲಯಾಕಾರದ ಸಿಲೋಕ್ಸೇನ್‌ಗಳು ಪರಿಸರದಲ್ಲಿ ದೀರ್ಘಕಾಲ ಉಳಿಯುವ ಕಾರಣ, ಐರೋಪ್ಯ ಒಕ್ಕೂಟವು 2018ರಲ್ಲಿ ಅವನ್ನು ತೀವ್ರ ಕಳವಳಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು.

ಗೌರವ ಮತ್ತು ನಿಧನ

1918ರಲ್ಲಿ ಕಿಪ್ಪಿಂಗ್ ಅವರಿಗೆ ಡೇವಿ ಪದಕ ಲಭಿಸಿತು. ನಿವೃತ್ತಿಯ ಕಾಲದಲ್ಲಿ ನೀಡಿದ ಬೇಕರಿಯನ್ ಉಪನ್ಯಾಸದಲ್ಲಿ ತಮ್ಮ ಸಂಶೋಧನಾಕ್ಷೇತ್ರದ ಭವಿಷ್ಯದ ಬಗ್ಗೆ ಅವರು ನಿರಾಶೆ ವ್ಯಕ್ತಪಡಿಸಿದ್ದರು. 1949ರಲ್ಲಿ ವೇಲ್ಸ್‌ನ ಕ್ರಿಕಿಯೆತ್‌ನಲ್ಲಿ ನಿಧನರಾದರು. ಅಷ್ಟರಲ್ಲಿ ಸಿಲಿಕೋನ್ ಉದ್ಯಮ ನೆಲೆಯೂರಿತ್ತು.